ಶಾಂತವ್ವ ನೋಡಿದ ಮೊಟ್ಟೆ

ಮೊನ್ನೆ ವೈಟ್‌ಫೀಲ್ಡಿನ ಕಾಫಿ ಅಂಗಡಿಯೊಂದರಲ್ಲಿ ಕೂತಿದ್ದಾಗ ಕಿಟಕಿ ಪಕ್ಕದ ಹಲಗೆಯ ಮೇಲೆ ನಮ್ಮ ಮೈಕ್ರೋಸ್ಕೋಪ್ ಕಂಡಿತು. ನಮ್ಮದೇ, ಅನುಮಾನವಿಲ್ಲ. ಬುಡದಲ್ಲಿ ನಾನು ಇಟ್ಟ ಹಸಿರು ಚುಕ್ಕೆಯಿತ್ತು. ಅದರ ಕತ್ತಿಗೆ ಬಳ್ಳಿ ಹಬ್ಬಿಸಿ, ಮುಂದೆ ‘ಮುಟ್ಟಬೇಡಿ’ ಎಂಬ ಚೀಟಿ ನಿಲ್ಲಿಸಿದ್ದರು. ಆಮೇಲೆ ಬಂದ ಕಾಫಿ ನನಗೆ ಸೇರಲಿಲ್ಲ.

ನಗಬೇಡಿ. ಪೀಣ್ಯದಲ್ಲಿ ಮೈಕ್ರೋಸ್ಕೋಪ್ ಜೋಡಿಸುವ ಶೀಟಿನ ಷೆಡ್ಡಿನಲ್ಲಿ ಹದಿನಾಲ್ಕು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ. ಗೆರೆ ಕೊರೆದ ಗಾಜನ್ನು ಲೆನ್ಸಿನ ಕೆಳಗಿಟ್ಟು ನೋಡುವುದು, ಗೆರೆ ಸ್ಪಷ್ಟವಾಗಿ ಕಂಡರೆ ಚುಕ್ಕೆ ಇಡುವುದು. ನಮ್ಮ ಮನೆಯವರು ನನ್ನನ್ನು ವಿಜ್ಞಾನಿಯೆಂದೇ ನೆಂಟರಿಗೆ ಪರಿಚಯಿಸುತ್ತಿದ್ದರು, ನಾನೂ ತಿದ್ದುತ್ತಿರಲಿಲ್ಲ.

ಎದುರು ಬೆಂಚಿನಲ್ಲಿ ಗದಗದ ಕಡೆಯ ಶಾಂತವ್ವ. ಫೋಕಸ್ ತಿರುಪನ್ನು ಬಿಗಿಯೂ ಆಗದಂತೆ, ಸಡಿಲವೂ ಆಗದಂತೆ ಕೂರಿಸುವುದರಲ್ಲಿ ಅವಳ ಕೈಯೇ ಕೈ. ಆದರೆ ಜೋಡಿಸುವವರು ಲೆನ್ಸಿಗೆ ಕಣ್ಣಿಟ್ಟು ನೋಡುವಂತಿಲ್ಲ ಎಂಬುದು ನಮ್ಮಲ್ಲಿ ಕಟ್ಟಳೆ. ರೊಟ್ಟಿ ಬಡಿದವಳು ರೊಟ್ಟಿ ತಿನ್ನಬಾರದು ಎಂದ ಹಾಗೆ. ಆಗ ನನಗೆ ಅದು ಅನ್ಯಾಯವೆಂದು ಅನಿಸಿರಲೂ ಇಲ್ಲ.

ಒಂದು ಮಧ್ಯಾಹ್ನ ಕಾಲೇಜೊಂದರ ಪ್ರಾಣಿಶಾಸ್ತ್ರದ ಮೇಡಂ ಹಳೆಯ ಮೈಕ್ರೋಸ್ಕೋಪನ್ನು ರಿಪೇರಿಗೆ ತಂದರು. ಕೆಲಸ ಮುಗಿದ ಮೇಲೆ ತಮ್ಮದೇ ಸ್ಲೈಡುಗಳನ್ನಿಟ್ಟು ಪರೀಕ್ಷಿಸಿದರು. ಸೀ ಅರ್ಚಿನ್ ಎಂಬ, ಸಮುದ್ರದ ತಳದಲ್ಲಿ ಮೈತುಂಬ ಮುಳ್ಳಿಟ್ಟುಕೊಂಡು ಬದುಕುವ ಪ್ರಾಣಿಯ ಮೊಟ್ಟೆಗಳಂತೆ. ತಿರುಪು ತಿರುಗಿಸಿ ಖುಷಿಯಾಗಿ, “ಇದನ್ನ ಕೂರಿಸಿದ್ದು ಯಾರಮ್ಮ? ಬಾ, ನೀನೂ ನೋಡು” ಎಂದು ಶಾಂತವ್ವನನ್ನು ಕರೆದುಬಿಟ್ಟರು.

ಸೂಪರ್‌ವೈಸರ್ ಊಟಕ್ಕೆ ಹೋಗಿದ್ದ. ಶಾಂತವ್ವ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಮೊದಲು ಬರೀ ಗುಂಡು ಮೊಟ್ಟೆ. ಮುಂದಿನ ಸ್ಲೈಡಿನಲ್ಲಿ ಅದರ ಸುತ್ತ ತೆಳ್ಳಗಿನ ಪೊರೆಯ ಉಂಗುರ.

“ಗಂಡಿನ ಕಣ ಒಂದು ಒಳಗೆ ಬಂದಿದ್ದೇ ತಡ, ಮೊಟ್ಟೆ ಈ ಪೊರೆ ಎಬ್ಬಿಸ್ಕೊಳ್ಳತ್ತೆ. ಒಂದೇ ನಿಮಿಷದಲ್ಲಿ. ಆಮೇಲೆ ಇನ್ಯಾರಿಗೂ ದಾರಿ ಇಲ್ಲ” ಎಂದರು ಮೇಡಂ.

“ಬಾಗಲಾ ತಾನ ಹಾಕ್ಕೊಂತೈತಿ ಅನ್ರಿ.”

ನಂತರದ ಸ್ಲೈಡುಗಳಲ್ಲಿ ಮೊಟ್ಟೆ ಎರಡು ಹೋಳು, ನಾಲ್ಕು, ಎಂಟು. ಶಾಂತವ್ವ ಒಂದೊಂದನ್ನೂ ಎರಡೆರಡು ಸಲ ನೋಡಿದಳು.

“ದೊಡ್ಡದೇನ ಆಗಿಲ್ಲಲ್ರಿ ಇದು? ಮೊದ್ಲ ಎಷ್ಟಿತ್ತೋ ಅಷ್ಟ ಐತಿ. ಒಳಗಿನ ಹೋಳ ಸಣ್ಣ ಆಕ್ಕೋಂತ ಹೊಂಟಾವು.”

ಮೇಡಂ ಅವಳ ಮುಖವನ್ನೇ ನೋಡಿದರು. “ನಮ್ಮ ಹುಡುಗ್ರು ವರ್ಷಾವರ್ಷ ಗೈಡ್ ನೋಡ್ಕೊಂಡು ಚಿತ್ರನ ಒಂದಕ್ಕಿಂತ ಒಂದು ದೊಡ್ಡದಾಗಿ ಬರೀತಾರೆ ಕಣಮ್ಮ. ನೀನು ಒಂದ್ಸಲ ನೋಡಿ ಹೇಳ್ಬಿಟ್ಟೆ.”

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. “ತಿರುಪು ಬಿಗಿಯೋಳಿಗೆ ನೋಡೋ ಕೆಲ್ಸ ಯಾರು ಕೊಟ್ಟಿದ್ದು?” ಎಂದ. ನಾನೇ ಕರೆದೆ ಎಂದು ಮೇಡಂ ಹೇಳಿದರೆ, ಹಲ್ಲು ಬಿಟ್ಟು ಅವರನ್ನು ಆಫೀಸಿಗೆ ಕರೆದೊಯ್ದ. ಮರುದಿನದಿಂದ ಶಾಂತವ್ವನಿಗೆ ಪ್ಯಾಕಿಂಗ್. ಅಷ್ಟು ಒಳ್ಳೆಯ ಕೈ ಥರ್ಮೋಕೋಲ್ ತುಂಬುತ್ತಾ ನಿಂತಿತು.

ಸಂಜೆ ನನ್ನ ಹತ್ತಿರ ಬಂದಳು. “ಅಕ್ಕಾರ, ನೀವರ ಒಂದ್ಮಾತು ಹೇಳ್ರಿ. ನನ್ನ ಬೆಂಚು ನನಗ ಕೊಡಸ್ರಿ.”

ಹೇಳ್ತೀನಿ ಅಂದೆ. ಹೇಳಲಿಲ್ಲ. ಎರಡು ತಿಂಗಳಿಗೆ ಅವಳು ಕೆಲಸ ಬಿಟ್ಟು ಹೋದಳು. ಆಮೇಲೆ ಬಂದ ತಿರುಪುಗಳು ಸಡಿಲ. ಅವಕ್ಕೂ ನಾನು ಹಸಿರು ಚುಕ್ಕೆ ಇಟ್ಟೆ. ಆ ಸೂಪರ್‌ವೈಸರ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅರ್ಧ ಸಿಟ್ಟು ನನ್ನ ಮೇಲೇ ಇದೆ, ಅದು ಇಳಿಯುವುದೂ ಬೇಡ.

ಮೊನ್ನೆ ಆ ಕಾಫಿ ಅಂಗಡಿಯಲ್ಲಿ ಎದ್ದು ಹೋಗಿ ಬಳ್ಳಿ ಸರಿಸಿ ತಿರುಪಿಗೆ ಕೈ ಹಾಕಿದೆ. ಬೆಣ್ಣೆಯ ಹಾಗೆ ತಿರುಗಿತು. ಶಾಂತವ್ವನದೇ.

ಮ್ಯಾನೇಜರ್ ಓಡಿ ಬಂದ. “ಮೇಡಂ, ಮುಟ್ಬಾರ್ದು. ಶೋಗೆ ಇಟ್ಟಿರೋದು.”

“ಇದನ್ನ ಮಾಡಿದವಳಿಗೂ ನಾವು ಹಂಗೇ ಹೇಳಿದ್ವಿ ಸಾರ್. ತಪ್ಪು ಮಾಡಿದ್ವಿ” ಎಂದೆ. ಪಕ್ಕದ ಟೇಬಲ್ಲಿನವರು ತಿರುಗುವಷ್ಟು ಜೋರಾಗಿ ಬಂತು ದನಿ. ಪೀಣ್ಯದಲ್ಲಿ ಆಡಬೇಕಿದ್ದ ಮಾತು, ವೈಟ್‌ಫೀಲ್ಡಿನಲ್ಲಿ, ಏನೂ ಅರಿಯದ ಒಬ್ಬನಿಗೆ ಆಡಿದ್ದೆ. ಚೀಟಿಯನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡೆ. ಅವನು ಬಾಗಿಲವರೆಗೂ ಕೂಗುತ್ತಾ ಬಂದ, ನಾನು ಕೊಡಲಿಲ್ಲ.