ಕೆರೆಯಂಗಳಕ್ಕೆ ಹಾಸಿದ ನಡೆಮಡಿ

ಎಲುಬಿಲ್ಲದ ನಾಲಿಗೆ ಅನ್ನುತ್ತಾರೆ. ನನ್ನದಕ್ಕೆ ಲಗಾಮೂ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆ. ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ತಂಡವೊಂದರಲ್ಲಿ ನಾನು ನೆಲದ ಕೆಲಸದವನು. ಶ್ರೀನಿವಾಸಪುರದ ಕಡೆಯ ಬತ್ತಿದ ಕೆರೆಯಂಗಳವೇ ನಮ್ಮ ಮೈದಾನ. ಬಿಳಿ ಬಟ್ಟೆ ಹಾಸಿದ್ದರೆ ಮೇಲಿನವರು ಜಿಗಿಯಬಹುದು. ಬೇರೆ ವಿಮಾನದ ಸದ್ದು ಕೇಳಿದರೆ ನಾನು ಅದನ್ನು ಸುತ್ತಿಟ್ಟುಬಿಡಬೇಕು. ವೈರ್‌ಲೆಸ್ಸು ಗೀರ್‌ಲೆಸ್ಸು ಏನೂ ಇರಲಿಲ್ಲ.

ಅಂದು ಬೆಳಿಗ್ಗೆ ಊರಿನ ಮಡಿವಾಳರ ಹಿರಿಯರೊಬ್ಬರು ಬಂದು, “ಈ ಬಟ್ಟೆ ಯಾಕೆ ಸಾಮಿ?” ಎಂದು ಕೇಳಿದರು.

“ಮೇಲಿಂದ ದೊಡ್ಡೋರು ಇಳೀತಾರೆ ತಾತಾ, ಅವರ ಕಾಲಿಗೆ ಮಣ್ಣಾಗಬಾರ್ದಲ್ಲ!” ಎಂದೆ.

ತಮಾಷೆಯಂತೆ, ತಮಾಷೆ! ದೇವರು, ಮದುಮಕ್ಕಳು ನಡೆಯುವ ದಾರಿಗೆ ಬಿಳಿಯ ನಡೆಮಡಿ ಹಾಸುವುದು ಅವರ ಮನೆತನದ ಹಕ್ಕು. ಗೊತ್ತಿದ್ದೇ ಹಾಗೆಂದೆ. ತಾತ ತಲೆಯಾಡಿಸಿ ಮನೆಗೆ ಹೋದರು.

ನಮ್ಮ ವಿಮಾನ ಸುತ್ತು ಹಾಕುತ್ತಿದ್ದಾಗ ಮಾಲೂರಿನ ದಿಕ್ಕಿನಿಂದ ಇನ್ನೊಂದು ಸದ್ದು ಕೇಳಿಸಿತು. ತರಬೇತಿಯ ಪುಟ್ಟ ವಿಮಾನ. ಬಟ್ಟೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಅದು ಎತ್ತ ಹೋಗುತ್ತದೆಂದು ನೋಡಲು ಕೆರೆಕಟ್ಟೆ ಹತ್ತಿದೆ. ತಿರುಗಿ ನೋಡುತ್ತೇನೆ, ಅಂಗಳದಲ್ಲಿ ಬಿಳಿ ಬಟ್ಟೆ! ನಾನು ನನ್ನದನ್ನು ಎತ್ತಿಕೊಂಡದ್ದು ಕಂಡು, ತಾತ ತಮ್ಮ ಮನೆಯ ನಡೆಮಡಿ ತಂದು ಹಾಸುತ್ತಿದ್ದರು. ಕೂಗುವಷ್ಟರಲ್ಲಿ ಇಬ್ಬರು ಜಿಗಿದಾಗಿತ್ತು. ಪುಟ್ಟ ವಿಮಾನ ಅವರಿಬ್ಬರ ನಡುವೆಯೇ ಹಾದುಹೋಯಿತು.

ಯಾರಿಗೂ ಏನೂ ಆಗಲಿಲ್ಲ. ಆದರೂ ಓಡಿಹೋಗಿ, ಊರವರೆಲ್ಲರೆದುರು, “ಏನ್ಲಾ ಮುದುಕ, ಜನಾನ ಸಾಯಿಸ್ತಿದ್ದೆಯಲ್ಲೋ!” ಎಂದು ಕಿರುಚಿ ಆ ಬಟ್ಟೆಯನ್ನು ಬೂಟುಗಾಲಲ್ಲಿ ಒದ್ದೆ. ಅಪ್ಪನ ವಯಸ್ಸಿನವರು. ನಾಚಿಕೆಯಾಗುತ್ತದೆ.

ವಾರದ ಮೇಲೆ ಅಧಿಕಾರಿಗಳು ವಿಚಾರಣೆಗೆ ಬಂದು ಶಾಲೆಯ ಜಗಲಿಯಲ್ಲಿ ಕುಳಿತರು. ಬಟ್ಟೆ ಯಾಕೆಂದು ಊರಿನವರಿಗೆ ತಿಳಿಸಿ ಹೇಳಿದ್ದೆಯಾ ಎಂದು ನನ್ನನ್ನು ಕೇಳಿದರು. ಇಲ್ಲವೆಂದರೆ ಕೆಲಸ ಹೋಗುತ್ತಿತ್ತು.

“ಹೇಳಿದ್ದೆ ಸಾರ್,” ಎಂದೆ.

ಅವರು ತಾತನ ಕಡೆ ತಿರುಗಿದರು. ತಾತ ನನ್ನನ್ನೊಮ್ಮೆ ನೋಡಿ, ಅವರಿಗೆ ಕೈಮುಗಿದರು. “ಹೂಂ ಸಾಮಿ, ಯೋಳಿದ್ರು. ಪಾಪ, ಚೆನ್ನಾಗೇ ಯೋಳಿದ್ರು. ನಂಗೇ ಮರ್ತೋಯ್ತು, ವಯಸ್ಸಾಯ್ತಲ್ಲ.”

ನನ್ನ ಕೆಲಸ ಉಳಿಯಿತು. ಮರೆವಿನ ಮುದುಕನ ಕೈಗೆ ದೇವರ ದಾರಿ ಕೊಡುವುದು ಹೇಗೆಂದು, ಆ ವರ್ಷದ ಜಾತ್ರೆಯಲ್ಲಿ ನಡೆಮಡಿ ಹಾಸಲು ಊರವರು ಪಕ್ಕದ ಊರಿನ ಮಡಿವಾಳರನ್ನು ಕರೆಸಿದರಂತೆ. ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ತಾತನ ಊರಿನವರೊಬ್ಬರು ಸಿಕ್ಕಿ ಹೇಳಿದರು. “ಹೌದಾ” ಎಂದು, ನಾನು ಕೋಲಾರದ ಬಸ್ಸು ಹತ್ತಿದೆ.