ಎಂಟು ಪ್ಲೇಟಿನ ಬೋಟ್ ಟ್ರೇಲರ್

ಧಡ್, ಧಡಧಡ್. ಪುತ್ತೂರಿನ ನನ್ನ ಸ್ಪ್ರಿಂಗ್ ವರ್ಕ್‌ಶಾಪಿನ ಎದುರಿನ ಹಂಪ್ ಮೇಲೆ ಆ ಟ್ರೇಲರ್ ಹಾರಿ ಬಿದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ವರ್ಕ್‌ಶಾಪ್ ನಡೆಸಿದ ಮೂವತ್ತು ವರ್ಷಗಳಲ್ಲಿ ಅದು ಕೊನೆಯ ವರ್ಷ. ಮೇ ತಿಂಗಳು, ಮಳೆಗೆ ಹದಿನೈದು ದಿನವೂ ಉಳಿದಿರಲಿಲ್ಲ.

ಟ್ರೇಲರ್ ಮೇಲಿದ್ದದ್ದು ಕಡಬದ ಕಡೆಯ ಒಂದು ಪಂಚಾಯತಿಯ ಫೈಬರ್ ಬೋಟ್. ನೆರೆ ಬಂದಾಗ ಹೊಳೆಯಾಚೆಯ ಮನೆಯವರನ್ನು ದಾಟಿಸಲು ಅದೊಂದೇ ಗತಿ. ಅದನ್ನು ನಡೆಸುವ ಅಬ್ಬುಚ್ಚ ಜೀಪಿನಿಂದ ಇಳಿದು ಬೋಟಿನ ಅಡಿ ತೋರಿಸಿದರು. ಕೂದಲಿನಷ್ಟು ತೆಳ್ಳಗಿನ ಎರಡು ಬಿರುಕು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ, ಅವರಿಗೆ ನಾನೂ ಬಾಯಮ್ಮ.

"ಹೋದ ವರ್ಷ ಇಲ್ಲಿಂದಲೇ ನೀರು ನುಗ್ಗಿದ್ದು ಬಾಯಮ್ಮ. ನಡುಹೊಳೆ, ಬೋಟಲ್ಲಿ ಏಳು ಜನ. ಒಬ್ಬಳು ಹೆಂಗಸು ಬಿರುಕಿಗೆ ಸೆರಗು ಒತ್ತಿ ಹಿಡಿದದ್ದರಿಂದ ದಡ ಮುಟ್ಟಿದೆವು. ಪ್ಯಾಚ್ ಹಾಕಿಸಿದೆ. ರೋಡಲ್ಲಿ ಕುಣಿದು ಕುಣಿದು ಪುನಃ ಒಡೆದಿದೆ. ಈ ಸಲ ನಾನು ಹೊಳೆಗೆ ಇಳಿಯುದು ಹೇಗೆ?"

ಟ್ರೇಲರ್ ಮಾಡಿಸಿಕೊಟ್ಟ ಕಂಟ್ರಾಕ್ಟರ್ ದಿವಾಕರನನ್ನೂ ಅವರು ಎಳೆದು ತಂದಿದ್ದರು. ಇಸ್ತ್ರಿಯ ಬಿಳಿ ಅಂಗಿ, ಕೂಲಿಂಗ್ ಗ್ಲಾಸ್. ತಲೆಯೊಳಗೆ ಮಾತ್ರ ಪ್ಯೂರ್ ವ್ಯಾಕ್ಯೂಮ್.

"ಸ್ಟ್ರಾಂಗ್ ಉಂಟು ಮೇಡಂ. ಒಂದೊಂದು ಬದಿಗೆ ಎಂಟು ಪ್ಲೇಟ್! ಕುಣಿಯುದು ಜಾಸ್ತಿಯಾದರೆ ಇನ್ನೆರಡು ಹಾಕುವ."

ಪ್ಲೇಟ್ ಎಂದರೆ ಲೀಫ್ ಸ್ಪ್ರಿಂಗಿನ ಬಾಗಿದ ಉಕ್ಕಿನ ಪಟ್ಟಿ. ಕೆಂಪುಕಲ್ಲು ಹೇರಿ ಗುಡ್ಡ ಹತ್ತುವ ಪಿಕಪ್‌ಗಳ ಊರು ನಮ್ಮದು. ಏನೇ ತೊಂದರೆಗೂ 'ಒಂದು ಪ್ಲೇಟ್ ಜಾಸ್ತಿ ಹಾಕಿ' ಎನ್ನುವುದೇ ಇಲ್ಲಿನ ಇಂಜಿನಿಯರಿಂಗ್. ಕಾನ್ವೆಂಟಿನಲ್ಲಿ ನಮಗೆ ಫಿಸಿಕ್ಸ್ ಕಲಿಸಿದ ಸಿಸ್ಟರ್, "ಬಗ್ಗದಿದ್ದರೆ ಅದು ಸ್ಪ್ರಿಂಗ್ ಅಲ್ಲ ಗರ್ಲ್ಸ್, ಬರೀ ಕಬ್ಬಿಣ" ಎನ್ನುತ್ತಿದ್ದರು. ಒಂಬತ್ತನೇ ಕ್ಲಾಸಿನ ಹುಡುಗಿಗೆ ಅರ್ಥವಾದದ್ದು ಈ ಮಹಾಶಯನಿಗೆ ಆಗಿರಲಿಲ್ಲ.

ವೇಬ್ರಿಡ್ಜ್‌ನಲ್ಲಿ ತೂಗಿಸಿದೆ. ಬೋಟು, ಇಂಜಿನ್, ಟ್ರೇಲರ್ ಎಲ್ಲ ಸೇರಿ 540 ಕಿಲೋ. ಅದಕ್ಕೆ ಅವನು ಹಾಕಿಸಿದ್ದು ಎರಡು ಟನ್ ಹೊರುವ ಪ್ಲೇಟ್. ಇಷ್ಟು ಹಗುರ ತೂಕಕ್ಕೆ ಅವು ಬಗ್ಗುವುದೇ ಇಲ್ಲ. ರಸ್ತೆಯ ಪೆಟ್ಟೆಲ್ಲ ನೇರ ಬೋಟಿಗೆ.

ಹೇಳಿದರೆ ನಕ್ಕ. "ನಾನು ಇಪ್ಪತ್ತು ಟ್ರೇಲರ್ ಮಾಡಿಸಿದ್ದೇನೆ ಮೇಡಂ."

"ಹಾಗಾದರೆ ಬೋಟಲ್ಲಿ ಕೂತುಕೋ ಮಾರಾಯ. ಸ್ಟ್ರಾಂಗ್ ಉಂಟಲ್ಲ."

ಅಬ್ಬುಚ್ಚ ಜೀಪನ್ನು ನಿಧಾನವಾಗಿಯೇ ಹಂಪ್ ದಾಟಿಸಿದರು. ದಿವಾಕರ ಹಲಗೆಯಿಂದ ಒಂದು ಗೇಣು ಮೇಲೆದ್ದು ಕುಕ್ಕರಿಸಿದ. ಕೂಲಿಂಗ್ ಗ್ಲಾಸ್ ಚರಂಡಿಗೆ ಬಿತ್ತು.

"ಎಂತ ಇಂಜಿನಿಯರೇ, ಇನ್ನೆರಡು ಪ್ಲೇಟ್ ಹಾಕುವನಾ?" ಅಬ್ಬುಚ್ಚ ಕೇಳಿದರು.

ಎಂಟನ್ನು ಕಳಚಿ ಉದ್ದದ, ತೆಳ್ಳಗಿನ ಮೂರು ಹಾಕಿದೆ. ಲೋಡ್ ಬಿದ್ದಾಗ ಎರಡು ಇಂಚು ತಗ್ಗಬೇಕು, ತಗ್ಗಿತು. ತಗ್ಗಿದ್ದು ಮತ್ತೆ ಮತ್ತೆ ಕುಣಿಯದಿರಲು ಶಾಕ್ ಅಬ್ಸಾರ್ಬರ್ ಕೂರಿಸಿದೆ. ದಿವಾಕರ ಟೈರಿಗೆ ಲಾರಿಯಂತೆ ಗಾಳಿ ತುಂಬಿಸಿದ್ದ, ಅದನ್ನೂ ಇಳಿಸಿದೆ.

"ಮೂರೇ ಮೂರಾ ಮೇಡಂ? ಮುರಿದರೆ?"

"ನಿನ್ನ ಎಂಟು ಮುರಿಯುದಿಲ್ಲ. ಬೋಟನ್ನು ಮುರಿಯುತ್ತದೆ."

ಅಬ್ಬುಚ್ಚ ಬಿರುಕಿಗೆ ಹೊಸ ಪ್ಯಾಚ್ ಹಾಕಿಸಿ, ಬೋಟಿನಲ್ಲಿ ಒಂದು ಬಕೆಟ್ ನೀರಿಟ್ಟು ಆಲಂಕಾರಿನವರೆಗೆ ಹೋಗಿ ಬಂದರು. ಮುಕ್ಕಾಲು ಬಕೆಟ್ ಉಳಿದಿತ್ತು. ಮುಂದಿನ ವಾರ ಪೇಪರಿನಲ್ಲಿ ದಿವಾಕರನ ಫೋಟೋ: ಟ್ರೇಲರಿನ ಪಕ್ಕ ನಿಂತಿದ್ದ, 'ಸುಧಾರಿತ ವಿನ್ಯಾಸ' ಅಂತೆ. ಆ ಪುಟದಿಂದ ಗ್ರೀಸ್ ಒರೆಸಿಕೊಂಡೆ. ಅಷ್ಟಕ್ಕಾದರೂ ಅವನು ಯೂಸ್‌ಫುಲ್ ಆದ.

ಎಷ್ಟು ಹೊರಬೇಕೆಂದು ಕೇಳದೆ ಗಟ್ಟಿ ಮಾಡುತ್ತಾ ಹೋಗುವವರನ್ನು ನಂಬಬಾರದು. ಮೊದಲು ತೂಗಬೇಕು, ಆಮೇಲೆ ಬಾಯಿ ತೆರೆಯಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟೇ.

ಜುಲೈ-ಆಗಸ್ಟಿನ ಆಟಿ ತಿಂಗಳ ನೆರೆ ಇಳಿದ ಮೇಲೆ ಅಬ್ಬುಚ್ಚ ಬೋಟಿನೊಂದಿಗೇ ಬಂದರು. "ಅಡಿಯಲ್ಲಿ ಕೈಯಾಡಿಸಿ ನೋಡಿ ಬಾಯಮ್ಮ, ಎಲ್ಲಿಯಾದರೂ ಸಿಗ್ತದಾ?" ನನ್ನ ಕಣ್ಣಿಗಿಂತ ಬೆರಳು ಚುರುಕು. ಉದ್ದಕ್ಕೂ ಸವರಿದೆ. ಬಿರುಕು ಸಿಗಲಿಲ್ಲ.

"ಎಷ್ಟು ಜನರನ್ನು ದಾಟಿಸಿದಿರಿ?"

"ಯಾರು ಎಣಿಸಿದ್ದಾರೆ? ಯಾರ ಸೆರಗೂ ಬೇಕಾಗಲಿಲ್ಲ."

ಮುಂದಿನ ತಿಂಗಳು ವರ್ಕ್‌ಶಾಪ್ ಮುಚ್ಚಿದೆ. ಅಬ್ಬುಚ್ಚರನ್ನು ಕೊನೆಯ ಸಲ ಕಂಡದ್ದು ಬೋಟಿನ ಅಡಿ ಸವರಿದ ಆ ದಿನವೇ. ಜೀಪು ಹಂಪ್ ಹತ್ತುವಾಗ ನಾನು ಅಭ್ಯಾಸಬಲದಿಂದ ಕಿವಿಗೊಟ್ಟೆ. ಟ್ರೇಲರ್ ಒಮ್ಮೆ ತಗ್ಗಿ, ಎದ್ದು, ಸದ್ದಿಲ್ಲದೆ ದಾಟಿತು. ಕಿಟಕಿಯಿಂದ ಒಂದು ಕೈ ಹೊರಬಂದು, ತಿರುವಿನವರೆಗೂ ಹಾಗೆಯೇ ಇತ್ತು.