ಅತ್ತೆಯವರು ಕೇಳಿದ ಟೀವಿ

ನಮ್ಮ ಮನೆಗೆ ಟೀವಿ ಬಂದಾಗ ಅದಕ್ಕೆ ಬಟ್ಟೆ ತೊಡಿಸಿದವಳು ನಾನು. ಮದುವೆಯಲ್ಲಿ ತಂದಿದ್ದ ಕಪ್ಪು ಚಂದ್ರಕಾಳಿ ಸೀರೆ ಮಡಿಕೆಯಲ್ಲಿ ಹರಿದಿತ್ತು. ಅದರ ಗಟ್ಟಿ ಭಾಗವನ್ನು ಕತ್ತರಿಸಿ, ಗೋಪುರ, ಆನೆ, ತುಳಸಿಕಟ್ಟೆಗಳ ಕಸೂತಿ ಹಾಕಿ, ಅಂಚಿಗೆ ಕುಚ್ಚು ಕಟ್ಟಿ ಹೊದಿಸಿದೆ. ನೋಡಿದವರೆಲ್ಲ, ಟೀವಿಯ ಮೇಲೆ ಎಷ್ಟೊಂದು ಅಕ್ಕರೆ ನಿಮಗೆ ಎಂದು ಹೊಗಳಿದರು. ಅಕ್ಕರೆ ಎಲ್ಲಿಂದ ಬರಬೇಕು? ಆ ಪೆಟ್ಟಿಗೆಯ ಮುಖ ಸಾಧ್ಯವಾದಷ್ಟು ಹೊತ್ತು ಮುಚ್ಚಿಯೇ ಇರಲಿ ಎಂಬ ದುರುದ್ದೇಶದಿಂದಲೇ ನಾನು ಅಷ್ಟು ದಪ್ಪ ಬಟ್ಟೆಯನ್ನು ಆರಿಸಿದ್ದು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಇವರು ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾವು ನಾಶಿಕದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಗದಗಿನ ಕನ್ನಡವನ್ನು ಟ್ರಂಕಿನಲ್ಲಿ ಹಾಕಿಕೊಂಡು ಬಂದವರು ನಾವಿಬ್ಬರು. ಆದರೆ ಮಗಳು ಸುಧಾ ಮತ್ತು ಅವಳ ತಮ್ಮ ರವಿ ಹುಟ್ಟಿದ್ದೂ ಬೆಳೆದದ್ದೂ ಇಲ್ಲಿಯೇ. ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ, ಜಗಳ ಮಾಡುವುದಕ್ಕಂತೂ ಮರಾಠಿಯೇ. ನಾವು ಕನ್ನಡದಲ್ಲಿ ಕೇಳಿದರೆ ಎಲ್ಲವೂ ತಿಳಿಯುತ್ತಿತ್ತು. ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. ಇದನ್ನು ಸರಿಪಡಿಸಲು ಇವರು ಒಂದು ನಿಯಮ ಮಾಡಿದರು: ಊಟಕ್ಕೆ ಕುಳಿತಾಗ ಕನ್ನಡದಲ್ಲಿ ಕೇಳಿದವರಿಗಷ್ಟೇ ತುಪ್ಪ. ಪರವೂರಿನಲ್ಲಿ ನೆಲೆಸಿದ ಕನ್ನಡ ಗಂಡಸರಿಗಲ್ಲದೆ ಇನ್ನಾರಿಗೂ ಹೊಳೆಯದ ಉಪಾಯ ಅದು. ಪರಿಣಾಮವೇನಾಯಿತು ಗೊತ್ತೇ? ಮಕ್ಕಳು "ತುಪ್ಪಾ ಹಾಕು" ಎಂಬಷ್ಟನ್ನು ಸೊಗಸಾಗಿ ಕಲಿತರು. ಆಮೇಲೆ ಬಾಯಿ ಮುಚ್ಚಿ ಉಂಡು ಎದ್ದು ಹೋಗತೊಡಗಿದರು. ಮನೆಯಲ್ಲಿ ಮರಾಠಿ ನಿಂತಿತು ನಿಜ. ಅದರ ಜೊತೆಗೆ ಮಾತೂ ನಿಂತಿತು.

ಈ ಮೌನದ ಮನೆಗೆ ಬಂದವರು ನಮ್ಮ ಅತ್ತೆಯವರು. ಗದಗಿನಲ್ಲಿ ನನ್ನ ಮೈದುನನ ತುಂಬಿದ ಮನೆಯಲ್ಲಿದ್ದವರು, ಈ ಮೊಮ್ಮಕ್ಕಳ ಕೂಡ ಒಂದಿಷ್ಟು ಕಾಲ ಇರಬೇಕೆಂಬ ಆಸೆಯಿಂದ ಬಂದಿದ್ದರು. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆಯ ಗಂಧವಿಲ್ಲ. ಅವರು ಕಥೆ ಶುರುಮಾಡಿದರೆ ಮಕ್ಕಳು ಮರ್ಯಾದೆಗೆ ಕೇಳುತ್ತಿದ್ದರು, ಕೇಳಿ ತಲೆಯಾಡಿಸುತ್ತಿದ್ದರು, ಮುಗಿಯುವುದೇ ತಡ ಅಂಗಳಕ್ಕೆ ಓಡುತ್ತಿದ್ದರು. ತಲೆಯಾಡಿಸುವವರ ಕೂಡ ಎಷ್ಟು ಹೊತ್ತು ಮಾತಾಡಲಾದೀತು, ನೀವೇ ಹೇಳಿ. ಶ್ರಾವಣದ ಒಂದು ಸಂಜೆ ಅವರು ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು: "ನನ್ನ ಮಾತು ಅವ್ರಿಗೆ ತಿಳಿತಾವ, ಅವ್ರ ಮಾತು ನನಗ ತಿಳಿಯೂದಿಲ್ಲ. ಹಿಂಗ ಎಷ್ಟು ದಿನಾ ಕೂಡ್ಲಿ? ದೀಪಾವಳಿ ಆದ ಮ್ಯಾಲ ನನ್ನ ಗದಗಿಗೆ ಬಿಟ್ಟು ಬಾರಪಾ." ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಕಣ್ಣು ತುಂಬಿ ಬಂತು.

ಇಂಥ ಹೊತ್ತಿನಲ್ಲಿ ಇವರು ಟೀವಿ ತಂದರು. ಕನ್ನಡಕ್ಕಾಗಿ ತುಪ್ಪ ತಡೆಹಿಡಿದ ಮಹಾನುಭಾವರೇ, ಸಂಜೆಯಿಡೀ ಮರಾಠಿ, ಹಿಂದಿ ಸುರಿಯುವ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಂದರು! ಕೇಳಿದರೆ, ಅವ್ವನ ಹೊತ್ತು ಹೋಗಲಿ ಎಂದು ತಂದೆ ಎಂದರು. ನನ್ನ ಪಾಲಿಗೆ ಅದು ಉಳಿದಿದ್ದ ನಾಲ್ಕು ಕನ್ನಡ ಮಾತನ್ನೂ ನುಂಗಲು ಬಂದ ಭೂತ. ಮಾಳಿಗೆಯ ಮೇಲೆ ಉದ್ದನೆಯ ಕೊಳವೆ ನಿಲ್ಲಿಸಿ ಆಂಟೆನಾ ಕಟ್ಟಿದರು. ಮುಂಬಯಿಯಿಂದ ಹೊರಟ ಚಿತ್ರ ಘಟ್ಟ ಹತ್ತಿ, ಇಗತಪುರಿಯ ಮಳೆಯಲ್ಲಿ ನೆನೆದು, ನಮ್ಮ ಮನೆ ಮುಟ್ಟುವಷ್ಟರಲ್ಲಿ ಸುಸ್ತಾಗಿ ಬಿಳಿಚಿಕೊಂಡಿರುತ್ತಿತ್ತು; ಆದರೂ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಟೀವಿ ಮಕ್ಕಳನ್ನು ಬದಲಿಸುತ್ತದೆ ಎಂದು ಜನ ಆಡುತ್ತಿದ್ದುದು ನನ್ನ ಕಣ್ಣೆದುರೇ ನಡೆಯಿತು. ರವಿ ತನ್ನ ಪಾಠವನ್ನು ವಾರ್ತೆ ಓದುವವರ ಗತ್ತಿನಲ್ಲಿ ಓದಿದ; ಸುಧಾ ನಿರೂಪಕಿಯ ಹಾಗೆ ಕತ್ತು ಓರೆ ಮಾಡಿ, ನಾನು ಮಾಡಿದ ಉಪ್ಪಿಟ್ಟನ್ನು ನೆರೆಹೊರೆಗೆಲ್ಲ ಜಾಹೀರು ಮಾಡಿದಳು. ಆ ಜಾಹೀರಾತಿನ ಬಗ್ಗೆ ಮಾತ್ರ ನನಗೆ ತಕರಾರಿರಲಿಲ್ಲ.

ಆದರೆ ಅತ್ತೆಯವರನ್ನು ನಾವ್ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ಮೊದಲ ದಿನವೇ ಮಕ್ಕಳ ನಡುವೆ ಜಾಗ ಮಾಡಿಕೊಂಡು ಕುಳಿತರು. ಪರದೆಯ ಮೇಲೆ ಒಬ್ಬಳು ಅಳುತ್ತಿದ್ದಳು. ಕಣ್ಣೆದುರು ಹೆಣ್ಣುಮಗಳೊಬ್ಬಳು ಅಳುತ್ತಿರುವಾಗ ಕಾರಣ ಕೇಳದೆ ಸುಮ್ಮನಿರುವುದು ನಮ್ಮ ಕಡೆಯ ರೂಢಿಯಲ್ಲ. ಯಾಕ ಅಳಾಕ್ಹತ್ಯಾಳ ಎಂದು ಸುಧಾಳನ್ನು ತಿವಿದರು. ಅವಳು ಮರಾಠಿಯಲ್ಲಿ ಏನೋ ಅಂದಳು. ಅಜ್ಜಿಗೆ ತಿಳಿಯಲಿಲ್ಲ, ಮತ್ತೆ ತಿವಿದರು. ಉತ್ತರ ಸಿಗುವತನಕ ತಿವಿತ ನಿಲ್ಲುವುದಿಲ್ಲ, ತಿವಿತ ನಿಲ್ಲುವತನಕ ನಾಟಕ ನೋಡಲಾಗುವುದಿಲ್ಲ.

"ಅಜ್ಜಿ, ಆಕಿ ರುಸ್ಲಿ," ಎಂದಳು ಸುಧಾ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ.

"ಸಿಟ್ಟಾಗ್ಯಾಳೇನು? ಯಾರ ಮ್ಯಾಲ?"

"ಅಣ್ಣನ ಮ್ಯಾಲ."

ಅಲ್ಲಿಂದ ಶುರುವಾಯಿತು ನೋಡಿ. ಅತ್ತೆಯವರಿಗೆ ಬರೀ ಸಿಟ್ಟು ಸಾಲದು. ಸಿಟ್ಟಿನ ಕಾರಣ ಬೇಕು, ಆ ಅಣ್ಣನ ಹೆಂಡತಿ ಎಂಥವಳು ಎಂಬುದು ಬೇಕು, ಅವರ ಮನೆಯಲ್ಲಿ ಆಸ್ತಿ ಪಾಲಾಗಿದೆಯೋ ಇಲ್ಲವೋ ಎಂಬುದೂ ಬೇಕು. ಇಷ್ಟನ್ನೆಲ್ಲ ಹೇಳಲು "ತುಪ್ಪಾ ಹಾಕು" ಸಾಲುವುದಿಲ್ಲವಲ್ಲ. ಸುಧಾ ತಡವರಿಸುತ್ತ, ಮರಾಠಿ ಮಾತನ್ನು ಕನ್ನಡದ ಬಾಲ ಕಟ್ಟಿ ದಾಟಿಸುತ್ತ, ಗೊತ್ತಾಗದ ಕಡೆ ಅಜ್ಜಿಯಿಂದಲೇ ಶಬ್ದ ಇಸಿದುಕೊಳ್ಳುತ್ತ ಹೇಳತೊಡಗಿದಳು. ರವಿ ಅಕ್ಕನ ತಪ್ಪು ಎತ್ತಿ ತೋರಿಸುವ ಹುಮ್ಮಸ್ಸಿನಲ್ಲಿ ತಾನೂ ಬಾಯಿ ಹಾಕಿದ. ಮಕ್ಕಳಿಗೆ ಭಾಷೆ ಕಲಿಸಬೇಕೆಂದು ನಾವು ಪಡುವ ಒದ್ದಾಟವೆಲ್ಲ ಎಷ್ಟು ವ್ಯರ್ಥ ಎಂದು ನನಗೆ ಹೊಳೆದದ್ದು ಆಗ. ಹೇಳಲೇಬೇಕಾದ ಸಂಗತಿಯೊಂದಿದ್ದು, ಕೇಳಲೇಬೇಕೆಂದು ಕಾದಿರುವ ಜೀವವೊಂದು ಪಕ್ಕದಲ್ಲಿದ್ದರೆ ಮಾತು ತಾನಾಗಿ ಹುಟ್ಟುತ್ತದೆ. ನಾವೋ, ಕೇಳುವವರನ್ನು ಒದಗಿಸದೆ ಬರೀ ಪರೀಕ್ಷೆ ಇಟ್ಟಿದ್ದೆವು.

ನವರಾತ್ರಿ ಮುಗಿದ ವಾರ, ಅಂಥದೇ ಇನ್ನೊಂದು ನಾಟಕ ರಂಗೇರಿತ್ತು. ಅಣ್ಣನ ಮೇಲೆ ಮುನಿಸಿಕೊಂಡ ವಿಧವೆ ತಂಗಿ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದು ನಿಂತಿದ್ದಾಳೆ. ಅಷ್ಟರಲ್ಲಿ ಟೀವಿಯೊಳಗೆ ಏನೋ ಚಟ್ ಎಂದಿತು, ಪರದೆ ಕಪ್ಪಾಯಿತು. ಇವರು ಹಿಂದಿನ ಮುಚ್ಚಳ ತೆಗೆದು ಇಣುಕಿ, ಇದು ಮುಂಬಯಿಗೇ ಹೋಗಬೇಕು ಎಂದು ತೀರ್ಪು ಕೊಟ್ಟರು. ಅತ್ತೆಯವರು ಕಪ್ಪು ಗಾಜಿನಿಂದ ಕಣ್ಣು ತೆಗೆಯಲೇ ಇಲ್ಲ.

"ಆಮ್ಯಾಲೇನಾತವಾ? ಹೋದ್ಲೇನು ಆಕಿ?"

ನಾಟಕದ ಕೊನೆ ನಮಗಾರಿಗೂ ಗೊತ್ತಿಲ್ಲ; ಸುಧಾಳಿಗೂ ಗೊತ್ತಿಲ್ಲ. ಆದರೂ ಅವಳು ಅಜ್ಜಿಯ ಕಡೆ ತಿರುಗಿ ಕುಳಿತು, ಒಂದೇ ಒಂದು ಮರಾಠಿ ಮಾತಿಲ್ಲದೆ ಹೇಳಿದಳು: "ಹೋಗ್ಲಿಲ್ಲ ಅಜ್ಜಿ. ಬಾಗಲದಾಗ ನಿಂತ್ಲು. ಅಣ್ಣನ ಮಗಳು ಓಡಿ ಬಂದು ಸೆರಗ ಹಿಡದ್ಲು. ನೀ ಹೋದ್ರ ನನ್ನ ಮಾತು ಯಾರು ಕೇಳ್ತಾರ ಅಂದ್ಲು."

ಆ ನಾಟಕದಲ್ಲಿ ಅಣ್ಣನಿಗೆ ಮಗಳೇ ಇರಲಿಲ್ಲ. ಅದು ಅತ್ತೆಯವರಿಗೂ ಗೊತ್ತಿತ್ತು. ಆ ಮನೆತನದ ವಂಶಾವಳಿಯನ್ನೆಲ್ಲ ಅವರು ತಿವಿದು ತಿವಿದು ಕೇಳಿ ಇಟ್ಟುಕೊಂಡಿದ್ದರಲ್ಲ. ಆದರೂ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, "ಆಮ್ಯಾಲ?" ಎಂದರು. ಸುಧಾ ಹೇಳುತ್ತ ಹೋದಳು. ಮರುದಿನ ಸಂಜೆಯೂ ಹೇಳಿದಳು, ಅದರ ಮರುದಿನವೂ. ಟೀವಿ ಮುಂಬಯಿಯಲ್ಲಿ ರಿಪೇರಿಗೆ ಬಿದ್ದಿತ್ತು; ನಮ್ಮ ಮನೆಯಲ್ಲಿ ಆ ತಂಗಿ ಪೆಟ್ಟಿಗೆ ಕೆಳಗಿಟ್ಟು ಒಳಗೆ ಬಂದು, ಹೋಳಿಗೆ ಮಾಡಿ, ಅಣ್ಣನ ಬಾಯಲ್ಲಿ ತಪ್ಪಾಯಿತು ಅನ್ನಿಸಿ, ಊರ ಪಂಚಾಯ್ತಿಯನ್ನೆಲ್ಲ ನಡೆಸತೊಡಗಿದ್ದಳು.

ದೀಪಾವಳಿಗೆ ಇನ್ನೇನು ಒಂದೆರಡು ದಿನವಿದ್ದಾಗ ಇವರು ರಿಪೇರಿಯಾದ ಟೀವಿಯನ್ನು ತಂದು ಜೋಡಿಸಿದರು. ಚಿತ್ರ ಎಂದೂ ಇಲ್ಲದಷ್ಟು ಸ್ಪಷ್ಟವಾಗಿ ಬಂತು, ದನಿ ಮನೆ ತುಂಬಿತು. ಮೂಲೆಯಲ್ಲಿ ಅಜ್ಜಿ ಮೊಮ್ಮಕ್ಕಳು ತಲೆಗೆ ತಲೆ ಹಚ್ಚಿ ಕುಳಿತಿದ್ದರು. ಇವರು ಹತ್ತಿರ ಹೋಗಿ, ಮೆಲ್ಲಗೆ, ಗದಗಿನ ಟಿಕೀಟು ತೆಗೆಸಲೇನು ಎಂದು ಕೇಳಿದರು. ನಾನು ಬಾಗಿಲಿಗೆ ಬಂದು ನಿಂತೆ.

ಅತ್ತೆಯವರು ಕತ್ತೆತ್ತಲಿಲ್ಲ. "ಮದ್ಲ ಅದರ ದನಿ ಸಣ್ಣ ಮಾಡಪಾ," ಎಂದರು, "ನಮ್ಮ ಹುಡಿಗಿ ಹೇಳೂದು ಕೇಳ್ಸವಲ್ದು."